ತಪ್ಪೆಲ್ಲ ತಾತ್ಕಾಲಿಕ ಹಲ್ಲಿನಲ್ಲೇ ಆಗಿಹೋಗಲಿ

ದಂತವೈದ್ಯ ಮಿತ್ರರೆಲ್ಲರಿಗೂ ನಮಸ್ಕಾರ. ನಲವತ್ತು ನಿಮಿಷ ಕೊಟ್ಟಿದ್ದಾರೆ. ನಾಲ್ಕು ವಿಷಯ ಬರೆದುಕೊಂಡಿದ್ದೇನೆ: ಸವೆದ ಹಲ್ಲು, ಕರಗಿದ ಕೆಳದವಡೆ, ಒಂಟಿ ಬಾಚಿಹಲ್ಲು, ಆಪರೇಷನ್ನಿನಲ್ಲಿ ಅಂಗುಳ ಕಳೆದುಕೊಂಡವರು. ನಾಲ್ಕರಲ್ಲೂ ನನ್ನ ತಕರಾರು ಒಂದೇ. ಕೆಟ್ಟರೆ ಸರಿಪಡಿಸಲಾಗದ ಕೆಲಸಕ್ಕೆ ಕೈಹಾಕುವ ಮುಂಚೆ, ಕೆಟ್ಟರೂ ಸರಿಪಡಿಸಬಹುದಾದದ್ದನ್ನು ಬಾಯಲ್ಲಿಟ್ಟು ನೋಡಿ. ತಾತ್ಕಾಲಿಕ ಹಲ್ಲು ಅಂದರೆ ಕ್ರೌನ್ (ಹಲ್ಲಿನ ಮೇಲೆ ಕೂರುವ ಕಾಯಂ ಟೋಪಿ) ಬರುವ ತನಕ ಮಾನ ಮುಚ್ಚುವ ಬಟ್ಟೆ ಅಂದುಕೊಂಡಿದ್ದೇವಲ್ಲ, ಅಲ್ಲೇ ಎಡವುತ್ತಿರುವುದು.

ಮೊದಲು ಜಾರ್ಜ್ ವಾಷಿಂಗ್ಟನ್ ಕಥೆ. ಮರದ ಹಲ್ಲಿನ ಸೆಟ್ಟು ಇಟ್ಟುಕೊಂಡಿದ್ದ ಅಂತ ಎಲ್ಲರೂ ಹೇಳುತ್ತಾರೆ, ಅದು ಸುಳ್ಳು. ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹ, ಸ್ಪ್ರಿಂಗು, ಇಷ್ಟು ಸೇರಿ ಆದ ಸೆಟ್ಟು. 1789ರಲ್ಲಿ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಳ್ಳುವಾಗ ಬಾಯಲ್ಲಿ ಉಳಿದಿದ್ದದ್ದು ಸ್ವಂತದ್ದು ಒಂದೇ ಹಲ್ಲು. ಜಾನ್ ಗ್ರೀನ್‌ವುಡ್ ಎಂಬ ದಂತವೈದ್ಯ ಆ ಒಂದು ಹಲ್ಲನ್ನು ಕೀಳದೆ, ಸೆಟ್ಟಿನಲ್ಲಿ ಅದಕ್ಕೆ ತೂತು ಬಿಟ್ಟು ಕೂರಿಸಿದ. ಎಷ್ಟೋ ಮಂದಿ ಇವತ್ತು ಕೂಡ ಉಳಿದ ಒಂದೆರಡನ್ನು ಮೊದಲು ಕಿತ್ತು ಆಮೇಲೆ ಯೋಚನೆ ಮಾಡುತ್ತಾರೆ, ಇರಲಿ. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಸ್ಪ್ರಿಂಗು. ಅದು ಎರಡನ್ನೂ ಸದಾ ಅಗಲಿಸಿ ಒತ್ತುತ್ತಿರುತ್ತದೆ, ಅಂದರೆ ಬಾಯಿ ಮುಚ್ಚಿಕೊಂಡಿರುವುದೇ ಒಂದು ದುಡಿಮೆ! 1798ರಲ್ಲಿ ವಾಷಿಂಗ್ಟನ್ ಗ್ರೀನ್‌ವುಡ್‌ಗೆ ಕಾಗದ ಬರೆಯುತ್ತಾನೆ: ಸೆಟ್ಟು ತುಟಿಯನ್ನು ಮುಂದಕ್ಕೆ ತಳ್ಳುತ್ತಿದೆ, ಸರಿಮಾಡಿಕೊಡಿ ಅಂತ. ಸೆಟ್ಟು ಅಂಚೆಯಲ್ಲಿ ಹೋಗಿ ಬರುತ್ತಿತ್ತು. ಗ್ರೀನ್‌ವುಡ್ ಮರುತ್ತರದಲ್ಲಿ, ಇದು ಕಪ್ಪಾಗಿರುವುದಕ್ಕೆ ಪೋರ್ಟ್ ವೈನ್ ಕಾರಣ ಅಂತ ಗದರಿದ್ದಾನೆ. ತಪ್ಪನ್ನು ರೋಗಿಯ ಮೇಲೆ ಹಾಕುವ ವಿದ್ಯೆಯೂ ನಮಗೆ ಪರಂಪರೆಯಿಂದ ಬಂದದ್ದೇ.

ನಗಬೇಡಿ, ನಾವು ಲ್ಯಾಬಿಗೆ ಕೆಲಸ ಕಳಿಸುವುದು ಹೇಗೆ? ಒಂದು ಅಚ್ಚು, ಮೇಲಿನ ಕೆಳಗಿನ ಹಲ್ಲು ಹೇಗೆ ಕೂಡುತ್ತವೆ ಅಂತ ತೋರಿಸುವ ಒಂದು ಕಚ್ಚು, 'ಎ2' ಅಂತ ಬಣ್ಣದ ಗುರುತು ಬರೆದ ಚೀಟಿ. ಟೆಕ್ನಿಷಿಯನ್ ಆ ಮುಖವನ್ನು ಕಂಡಿಲ್ಲ, ಆ ಮಾತನ್ನು ಕೇಳಿಲ್ಲ. ಮುಖ, ತುಟಿ, ಮಾತು ಮೂರೂ ಒಪ್ಪಿದ ತಾತ್ಕಾಲಿಕದ ಅಚ್ಚು ಕಳಿಸಿದರೆ ಮಾತ್ರ ಅವನಿಗೆ ನಿಜವಾಗಿ ಏನೋ ತಿಳಿಸಿದ ಹಾಗೆ.

ಈಗ ಸವೆದ ಹಲ್ಲು. ಕಾರಣ ಗೊತ್ತಾಗದೆ ಡ್ರಿಲ್ ಮುಟ್ಟಬೇಡಿ. ಮೇಲಿನ ಮತ್ತು ಕೆಳಗಿನ ಹಲ್ಲಿನ ಚಪ್ಪಟೆ ಸವೆತ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ ಕೂತರೆ ಅದು ಹಲ್ಲು ಕಡಿಯುವವರ ಬಾಯಿ. ಬಾಚಿಹಲ್ಲಿನ ಅಂಗುಳದ ಬದಿ ಕರಗಿ, ದವಡೆಹಲ್ಲಿನ ತುದಿಗಳಲ್ಲಿ ಗುಳಿಬಿದ್ದು, ಹಳೆಯ ಫಿಲ್ಲಿಂಗ್ ಹಲ್ಲಿಗಿಂತ ಎತ್ತರಕ್ಕೆ ಎದ್ದು ನಿಂತಿದ್ದರೆ ಅದು ಆಮ್ಲ. ಹೊಟ್ಟೆಯಿಂದ ಬರುತ್ತಿರುವ ಆಮ್ಲ ನಿಲ್ಲದೆ ಕ್ರೌನ್ ಹಾಕಿದರೆ, ಕ್ರೌನ್ ಗಟ್ಟಿಯಾಗಿಯೇ ಇರುತ್ತದೆ, ಅದರ ಅಂಚಿನ ಸುತ್ತ ಹಲ್ಲು ಕರಗಿಹೋಗುತ್ತದೆ.

ಇನ್ನೊಂದು. ಹಲ್ಲು ಗಿಡ್ಡವಾಯಿತು ಅಂದಮಾತ್ರಕ್ಕೆ ಮುಖದ ಎತ್ತರ ಕುಸಿದಿದೆ ಅಂತಲ್ಲ. ಸವೆತ ನಿಧಾನವಾಗಿದ್ದರೆ ಹಲ್ಲು ತನ್ನ ಮೂಳೆಯನ್ನು ಕಟ್ಟಿಕೊಂಡು ಏಳುತ್ತ ಬರುತ್ತದೆ. ಟರ್ನರ್ ಮತ್ತು ಮಿಸ್ಸಿರ್ಲಿಯನ್ 1984ರಲ್ಲಿ ಮಾಡಿದ ಮೂರು ವಿಭಾಗ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ: ಎತ್ತರ ಹೋದವರು, ಎತ್ತರ ಹೋಗದಿದ್ದರೂ ಕ್ರೌನ್ ಕೂರಿಸಲು ಜಾಗ ಇರುವವರು, ಎತ್ತರವೂ ಹೋಗಿಲ್ಲ ಜಾಗವೂ ಇಲ್ಲದವರು. ಕಷ್ಟ ಮೂರನೆಯವರದು.

ಅಳೆಯುವುದು ಹೇಗೆ? ದವಡೆ ವಿಶ್ರಾಂತಿಯಲ್ಲಿದ್ದಾಗ ಹಲ್ಲುಗಳ ನಡುವೆ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಅಂತರ ಇರುತ್ತದೆ. 'ಅಮ್ಮ' ಅನ್ನಿಸಿ, ತುಟಿ ಹಗುರವಾಗಿ ಕೂಡಿ ದವಡೆ ಸಡಿಲವಾಗುತ್ತದೆ, ಆಗ ಅಳೆಯಿರಿ. ಇಂಗ್ಲಿಷ್ ಪುಸ್ತಕದವರು 'ಸಿಕ್ಸ್ಟಿ ಸಿಕ್ಸ್' ಹೇಳಿಸಿ ಸಕಾರ ಪರೀಕ್ಷಿಸಿ ಅನ್ನುತ್ತಾರೆ. ಅದನ್ನೇ ಅನುವಾದ ಮಾಡಿ 'ಅರವತ್ತಾರು' ಅನ್ನಿಸುವ ಪುಣ್ಯಾತ್ಮರಿದ್ದಾರೆ. ಅರವತ್ತಾರರಲ್ಲಿ ಸಕಾರ ಎಲ್ಲಿದೆ ಸ್ವಾಮಿ? 'ಸೊಸೆ ಹೊಸ ಹಾಸಿಗೆ ಹಾಸಿದಳು' ಅನ್ನಿಸಿ. ಸಕಾರ ಹೇಳುವಾಗ ಬಾಚಿಹಲ್ಲುಗಳ ಅಂಚು ಸುಮಾರು 1 ಮಿ.ಮೀ. ಹತ್ತಿರ ಬರಬೇಕು, ತಾಗಬಾರದು. ಟಕ್ ಟಕ್ ಅಂದರೆ ಎತ್ತರ ಜಾಸ್ತಿ ಕೊಟ್ಟಿದ್ದೀರಿ. 'ಫೋನು, ಫೀಸು' ಅನ್ನಿಸಿದಾಗ ಮೇಲಿನ ಬಾಚಿಹಲ್ಲಿನ ಅಂಚು ಕೆಳತುಟಿಯ ಒದ್ದೆ ಭಾಗವೂ ಒಣ ಭಾಗವೂ ಸೇರುವ ಗೆರೆಗೆ ತಾಗಬೇಕು. ಅದಕ್ಕಿಂತ ಹೊರಗೆ ಬಂದರೆ ಹಲ್ಲು ಉದ್ದವಾಗಿದೆ, ಇಲ್ಲವೇ ಮುಂದಕ್ಕೆ ಬಂದಿದೆ. ವಾಷಿಂಗ್ಟನ್ನನ ಸೆಟ್ಟನ್ನು ಹೀಗೆ ಬಾಯಲ್ಲೇ ಪರೀಕ್ಷಿಸಿದ್ದರೆ ಅಂಚೆ ಖರ್ಚಾದರೂ ಉಳಿಯುತ್ತಿತ್ತು.

ಬಾಚಿಹಲ್ಲುಗಳ ನಡುವೆ ಲೂಸಿಯಾ ಜಿಗ್ ಎಂಬ ಸಣ್ಣ ತಡೆ ಇಟ್ಟು ಸ್ನಾಯುಗಳ ಹಳೆಯ ಅಭ್ಯಾಸ ಮರೆಸಿ, ದವಡೆಯ ಕೀಲಿಗೂ ಮೇಲಿನ ಹಲ್ಲಿಗೂ ಇರುವ ಸಂಬಂಧ ಅಳೆಯುವ ಫೇಸ್‌ಬೋ ತೆಗೆದು, ದವಡೆಯ ಚಲನೆಯನ್ನು ಅನುಕರಿಸುವ ಆರ್ಟಿಕ್ಯುಲೇಟರ್ ಯಂತ್ರಕ್ಕೆ ಅಚ್ಚುಗಳನ್ನು ಏರಿಸಿ. ಅದರ ಎತ್ತರ ಹೊಂದಿಸುವ ಪಿನ್ ಏರಿಸುವಾಗ ಅಂದಾಜು ಲೆಕ್ಕ ನೆನಪಿರಲಿ: ಪಿನ್ನಿನಲ್ಲಿ 3 ಮಿ.ಮೀ. ಎತ್ತಿದರೆ ಬಾಚಿಹಲ್ಲಲ್ಲಿ 2, ಹಿಂದಿನ ದವಡೆಹಲ್ಲಲ್ಲಿ 1 ಮಾತ್ರ ಸಿಗುತ್ತದೆ. ಅಷ್ಟೊಂದು ಎತ್ತಿದೆನಲ್ಲ ಅಂದುಕೊಂಡು ಹಿಂದೆ ದಪ್ಪ ಸೆರಾಮಿಕ್ ಯೋಜಿಸಿದರೆ ಜಾಗವೇ ಇರುವುದಿಲ್ಲ. ಅಲ್ಲಿ ಪೂರ್ತಿ ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್ಕಿನ ತೆಳು ಕ್ರೌನ್ ಇಡಿ.

ಮೇಣದಲ್ಲಿ ಹಲ್ಲು ಕಟ್ಟಿ, ಪುಟ್ಟಿ ಎಂಬ ಮೆತ್ತನೆ ಸಿಲಿಕೋನಿನಲ್ಲಿ ಅಚ್ಚು ತೆಗೆದು, ಅದರೊಳಗೆ ಬಿಸ್-ಅಕ್ರಿಲ್ ಎಂಬ ತಾತ್ಕಾಲಿಕ ಹಲ್ಲಿನ ರಾಳ ತುಂಬಿ ಬಾಯಲ್ಲಿ ಒತ್ತಿ. ಎಷ್ಟೋ ಸಲ ಒಂದು ಹಲ್ಲನ್ನೂ ತೇಯದೆ ಇದನ್ನು ಮಾಡಬಹುದು. ಕೆಲವೇ ವಾರ ಸಾಕಾದರೆ ಇದು ನಡೆಯುತ್ತದೆ, ತಿಂಗಳುಗಟ್ಟಲೆ ಬೇಕಾದರೆ ಯಂತ್ರದಲ್ಲಿ ಕೊರೆದ ಅಕ್ರಿಲಿಕ್ ಹಾಕಿ. ಕಡೇಪಕ್ಷ ಆರೆಂಟು ವಾರ ರೋಗಿ ಅದರಲ್ಲಿ ಬದುಕಲಿ. ಮೊದಲ ದಿನಗಳಲ್ಲಿ ಕೆನ್ನೆ ನೋವು, ಮಾತಿನಲ್ಲಿ ಸಿಳ್ಳು ಬರುತ್ತದೆ, ಹೋಗುತ್ತದೆ. ವಾರಗಟ್ಟಲೆ ಹೋಗದಿದ್ದರೆ ಎತ್ತರ ತಗ್ಗಿಸಿ. ಅಕ್ರಿಲಿಕ್ ತಗ್ಗಿಸಲು ಒಂದು ನಿಮಿಷ ಸಾಕು. ಹದಿನಾಲ್ಕು ಸೆರಾಮಿಕ್ ಕ್ರೌನ್ ತಗ್ಗಿಸುವುದು ಎಷ್ಟು ಹೊತ್ತಿನ ಕೆಲಸ ಅಂತ ನಿಮಗೇ ಗೊತ್ತು.

ತಾತ್ಕಾಲಿಕ ಮುರಿದರೆ ಬೇಜಾರು ಮಾಡಿಕೊಳ್ಳಬೇಡಿ, ಮುರಿದ ಚೂರನ್ನು ತರಿಸಿ ನೋಡಿ. ಒಂದೇ ಜಾಗದಲ್ಲಿ ಎರಡು ಸಲ ಮುರಿದರೆ ವಸ್ತುವಿನ ದೋಷ ಅಲ್ಲ, ದವಡೆ ಪಕ್ಕಕ್ಕೆ ಜರುಗುವಾಗ ಅಲ್ಲೇ ಗುದ್ದುತ್ತಿದೆ. ಕೋರೆಹಲ್ಲಿನ ಇಳಿಜಾರನ್ನು ಸರಿಮಾಡಿ, ಮುರಿಯುವುದು ನಿಲ್ಲುತ್ತದೋ ನೋಡಿ.

ಒಪ್ಪಿದ ಎತ್ತರವನ್ನು ಕಳೆದುಕೊಳ್ಳುವುದು ಎಲ್ಲಿ ಗೊತ್ತೇ? ಒಂದೇ ದಿನ ಎಲ್ಲ ಹಲ್ಲು ತೇಯ್ದು ಆಮೇಲೆ ಕಚ್ಚು ತೆಗೆಯುವಾಗ. ಊರುಗೋಲೇ ಇಲ್ಲ, ದವಡೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಒಂದು ಬದಿ ತೇಯುವಾಗ ಇನ್ನೊಂದು ಬದಿಯ ತಾತ್ಕಾಲಿಕ ಹಾಗೇ ಇರಲಿ, ಅದನ್ನು ಕಚ್ಚಿಸಿಯೇ ಕಚ್ಚು ತೆಗೆಯಿರಿ. ಮುಂದಿನ ಹಲ್ಲುಗಳು ಜರುಗುವ ದಾರಿಯನ್ನು ಆರ್ಟಿಕ್ಯುಲೇಟರಿನ ಮೇಜಿನ ಮೇಲೆ ಅಕ್ರಿಲಿಕ್‌ನಲ್ಲಿ ಕೊರೆಸಿಕೊಂಡು ಅದನ್ನೂ ಲ್ಯಾಬಿಗೆ ಕೊಡಿ.

ಕ್ರೌನ್ ಅಂಟಿಸುವ ವಿಷಯ ಬೇಗ ಹೇಳುತ್ತೇನೆ. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಥ ಸೆರಾಮಿಕ್ ಆದರೆ ಶೇ. 5ರ ಹೈಡ್ರೋಫ್ಲೋರಿಕ್ ಆಮ್ಲ 20 ಸೆಕೆಂಡು, ತೊಳೆದು, ಅಂಟು ಹಿಡಿಸುವ ಸೈಲೇನ್. ಜಿರ್ಕೋನಿಯಾಗೆ ಆ ಆಮ್ಲ ಏನೂ ಮಾಡುವುದಿಲ್ಲ. 50 ಮೈಕ್ರಾನ್ ಅಲ್ಯುಮಿನಾ ಕಡಿಮೆ ಒತ್ತಡದಲ್ಲಿ ಹೊಡೆದು, ಎಂಡಿಪಿ (ಜಿರ್ಕೋನಿಯಾಗೆ ಅಂಟುವ ಫಾಸ್ಫೇಟ್ ರಾಸಾಯನಿಕ) ಇರುವ ಪ್ರೈಮರ್ ಹಚ್ಚಿ. ಶುಚಿ ಮಾಡಲೆಂದು ಫಾಸ್ಫಾರಿಕ್ ಆಮ್ಲ ಹಚ್ಚಿದರೆ ಅದರ ಫಾಸ್ಫೇಟ್ ಹೋಗಿ ಎಂಡಿಪಿ ಕೂರಬೇಕಾದ ಜಾಗದಲ್ಲಿ ಕೂರುತ್ತದೆ. ಜೊಲ್ಲಿನಲ್ಲಿರುವ ಫಾಸ್ಫೇಟ್ ಮಾಡುವುದೂ ಅದನ್ನೇ. ಅದಕ್ಕೇ ಬಾಯಲ್ಲಿ ಕೂರಿಸಿ ನೋಡಿದ ಮೇಲೆ ಅಲ್ಯುಮಿನಾ ಹೊಡೆಯಿರಿ, ಮೊದಲಲ್ಲ.

ಕೆಳದವಡೆಗೆ ಬರೋಣ. ಹಲ್ಲು ಹೋದ ಮೇಲೆ ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಕರಗುತ್ತದೆ ಅಂತ ಟಾಲ್‌ಗ್ರೆನ್ 1972ರಲ್ಲೇ ವರ್ಷಾನುಗಟ್ಟಲೆ ಅಳೆದು ತೋರಿಸಿದ್ದಾರೆ. ಎರಡು ಇಂಪ್ಲಾಂಟಿನ (ಮೂಳೆಯಲ್ಲಿ ಕೂರಿಸಿದ ತಿರುಪು) ಮೇಲೆ ಕೂರುವ ಸೆಟ್ಟು ಕೆಳದವಡೆಗೆ ಮೊದಲ ಆಯ್ಕೆ ಆಗಬೇಕು ಅಂತ 2002ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರ ಒಮ್ಮತ ಹೇಳಿತು. ಇಂಪ್ಲಾಂಟ್ ಆಗದವರಿಗೆ? ಬಿಸಿಗೆ ಮೆತ್ತಗಾಗುವ ಎರಡು ಅಚ್ಚಿನ ವಸ್ತು, ಕೆಂಪು ಕಾಂಪೌಂಡ್ ತೂಕದಲ್ಲಿ ಮೂರು ಪಾಲು, ಗ್ರೀನ್‌ಸ್ಟಿಕ್ ಏಳು ಪಾಲು, ಬಿಸಿನೀರಲ್ಲಿ ಕಲಸಿ ಅಚ್ಚು ತೆಗೆಯಿರಿ. ತೆಳುವಾಗಿ ಮಡಿಚಿಕೊಂಡ ವಸಡನ್ನು ಅದು ಬಿಡಿಸಿ ಕೂರಿಸುತ್ತದೆ, ನೀರಿನ ಹಾಗಿರುವ ಸಿಲಿಕೋನಿಗೆ ಆ ಮಡಿಕೆ ಬಿಡಿಸುವ ಶಕ್ತಿ ಇಲ್ಲ. ನಾಲಿಗೆ ಒಳಗಿಂದ ತಳ್ಳುತ್ತದೆ, ಕೆನ್ನೆ ಹೊರಗಿಂದ. ಎರಡೂ ಸಮವಾಗುವ ಓಣಿಯಲ್ಲಿ ಹಲ್ಲು ಜೋಡಿಸಿ. ಆ ಓಣಿ ಎಲ್ಲಿದೆ ಅಂತ ಹೇಗೆ ಗೊತ್ತು? ಮೃದು ವಸ್ತುವನ್ನು ತಟ್ಟೆಯ ಮೇಲಿಟ್ಟು ರೋಗಿಯಿಂದ ಮಾತಾಡಿಸಿ, ನುಂಗಿಸಿ, ಬಾಯೇ ಅದನ್ನು ಕೆತ್ತಿಕೊಡುತ್ತದೆ. ಇಲ್ಲೂ ಅದೇ ಪರೀಕ್ಷೆ, ಇನ್ನೊಂದು ವೇಷದಲ್ಲಿ.

ಚೀಟಿ ಬಂತು, ಐದು ನಿಮಿಷ ಅಂತೆ. ಒಂಟಿ ಬಾಚಿಹಲ್ಲಿಗೆ ಒಂದೇ ಮಾತು: ಬಣ್ಣವನ್ನು ರೋಗಿ ಕೂತ ಕೂಡಲೇ ಆರಿಸಿ. ಬಾಯಿ ತೆರೆದಿಟ್ಟರೆ ಹಲ್ಲು ಒಣಗಿ ಬೆಳ್ಳಗಾಗುತ್ತದೆ, ಜೊಲ್ಲು ತಾಗದಂತೆ ಕಟ್ಟಿದ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಬಿಚ್ಚಿ ಆರಿಸಿದ ಬಣ್ಣ ಮಾರನೆಯ ದಿನ ಸುಳ್ಳಾಗುತ್ತದೆ. ಲಿಪ್‌ಸ್ಟಿಕ್ ಒರೆಸಿ. ಉಳಿದ ಸ್ಲೈಡ್ ಬಿಡುತ್ತೇನೆ.

ಅಂಗುಳ ಕಳೆದುಕೊಂಡವರ ಬಗ್ಗೆ ಹೇಳದೆ ಇಳಿಯುವ ಹಾಗಿಲ್ಲ. ಆಪರೇಷನ್ನಿಗೆ ಮೊದಲೇ ಅಚ್ಚು ತೆಗೆದು, ಅಂಗುಳದ ತೂತು ಮುಚ್ಚಲು ಆಪರೇಷನ್ ಟೇಬಲ್ಲಿನ ಮೇಲೇ ಕೂರಿಸುವ ತಟ್ಟೆ ಮೊದಲನೆಯದು. ಗಾಯ ಆರುತ್ತಿರುವಾಗಿನದು ಎರಡನೆಯದು, ಅಂಗಾಂಶ ನೆಲೆಗೊಂಡ ಮೇಲಿನದು ಮೂರನೆಯದು. ರೇಡಿಯೇಷನ್ ಆಗುವುದಿದ್ದರೆ ಕೀಳಬೇಕಾದ ಹಲ್ಲನ್ನು ಮೊದಲೇ ಕಿತ್ತು, ಎರಡು ಮೂರು ವಾರ ಗಾಯ ಮಾಯಲು ಬಿಡಿ. ರೇಡಿಯೇಷನ್ ಆದಮೇಲೆ ಕಿತ್ತರೆ ಮೂಳೆ ಸಾಯುವ ಅಪಾಯ. ಬಾಯಿ ತೆರೆಯುವುದು ಕಡಿಮೆಯಾಗುತ್ತ ಹೋಗುತ್ತದೆ, ಟ್ರೇಯನ್ನು ಎರಡು ತುಂಡು ಮಾಡಿ ಒಳಗೆ ಜೋಡಿಸುವುದನ್ನು ಕಲಿತುಕೊಂಡಿರಿ. ತಟ್ಟೆಯ ಮೇಲೆ ಉಬ್ಬಿ ತೂತಿನೊಳಗೆ ಹೋಗುವ ಬುರುಡೆ ಟೊಳ್ಳಾಗಿರಲಿ, ಭಾರಕ್ಕೆ ಸೆಟ್ಟು ಜೋತುಬಿದ್ದರೆ ಅದನ್ನು ಹಿಡಿದಿರುವ ಹಲ್ಲುಗಳೂ ಸಡಿಲವಾಗುತ್ತವೆ.

ಕೂರಿಸಿದ ಮೇಲೆ ಸ್ವಲ್ಪ ನೀರು ಕುಡಿಸಿ, ಮೂಗಿನಿಂದ ಬರುತ್ತದೋ ನೋಡಿ. ಆಮೇಲೆ ವರ್ಣಮಾಲೆ. ಅಂಗುಳದಲ್ಲಿ ತೂತಿದ್ದರೆ ಪ್ರತಿ ವರ್ಗವೂ ತನ್ನ ಐದನೆಯ ಅಕ್ಷರದ ಕಡೆಗೆ ಜಾರುತ್ತದೆ: 'ಬ' ಹೋಗಿ 'ಮ' ಆಗುತ್ತದೆ, 'ದ' ಹೋಗಿ 'ನ'. 'ಬಾ' ಅಂದದ್ದು 'ಮಾ' ಅಂತ ಕೇಳಿಸಿದರೆ ಬುರುಡೆಯ ಅಂಚಿಗೆ ಮೃದು ಮೇಣ ಸ್ವಲ್ಪ ಸ್ವಲ್ಪವೇ ಸೇರಿಸಿ, ಪ್ರತಿಸಲವೂ ತಲೆ ಎಡಕ್ಕೆ ಬಲಕ್ಕೆ ತಿರುಗಿಸಿ ನುಂಗಿಸಿ, ಮತ್ತೆ 'ಬಾ' ಅನ್ನಿಸಿ. ಹಾಗಂತ ಪೂರ್ತಿ ಬಿಗಿ ಮಾಡಿ 'ಮಾ' ಅಂದದ್ದೂ 'ಬಾ' ಅಂತ ಕೇಳಿಸಿದರೆ ಮೂಗಿನ ದಾರಿ ಮುಚ್ಚಿಹಾಕಿದ್ದೀರಿ, ಹಿಂದಿನ ಅಂಚಿನಿಂದ ಸ್ವಲ್ಪ ಮೇಣ ಕೆರೆಯಿರಿ. ಎರಡೂ ಅಕ್ಷರ ಬೇರೆ ಬೇರೆ ಕೇಳಿಸಿದ ಮೇಲೇ ಆ ಮೇಣವನ್ನು ಅಕ್ರಿಲಿಕ್ ಮಾಡಲು ಲ್ಯಾಬಿಗೆ ಕಳಿಸಿ.