ಆಲೆಮನೆ ಮೂಲೆಯ ಎಂಜಿನ್ನು

ಕೇಳುಗರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು. ಕೊನೆಕೊಯ್ಲು ಮುಗಿದ ಮೇಲೆ ನಮ್ಮಲ್ಲಿ ಕೆಲವರು ಇಸ್ಪೀಟಿಗೆ ಕೂರುತ್ತಾರೆ, ಕೆಲವರು ಯಕ್ಷಗಾನ ಮೇಳದ ಹಿಂದೆ ಹೋಗುತ್ತಾರೆ. ನಾನು ಎರಡು ವರ್ಷದಿಂದ ಒಂದು ಹಳೇ ಡೀಸೆಲ್ ಎಂಜಿನ್ನಿನ ಹಿಂದೆ ಬಿದ್ದಿದ್ದೇನೆ. ಮನೆಯವಳು ಹೇಳುವ ಪ್ರಕಾರ ಅದೇ ನನ್ನ ಹಿಂದೆ ಬಿದ್ದಿದೆ.

ಎಂಜಿನ್ನು ನಮ್ಮ ಹಳೆಯ ಆಲೆಮನೆಯದು. ಅದಕ್ಕೂ ಮುಂಚೆ ಕಬ್ಬಿನ ಗಾಣ ಸುತ್ತಿದ್ದು ಕೋಣಗಳು. ಜೋಗದಲ್ಲಿ 1948ರಲ್ಲೇ ವಿದ್ಯುತ್ ಹುಟ್ಟಿತು, ನಿಜ. ಆದರೆ ತಂತಿಗಳು ನಮ್ಮ ಕಾಡಿನ ನೆತ್ತಿಯ ಮೇಲೆ ಹಾದು ದೂರದ ಊರುಗಳಿಗೆ ಹೋದವು. ಕೆಳಗಿನ ಮನೆಗಳಲ್ಲಿ ಚಿಮಣಿ ಬುಡ್ಡಿಯೇ ಇತ್ತು. ಹಾಗಾಗಿ ಅಪ್ಪ ಈ ಎಂಜಿನ್ನು ತಂದರು. ಬೆಲ್ಟು ಹಾಕಿದರೆ ಗಾಣ ತಿರುಗಿತು, ಕೋಣಗಳ ಕೊರಳಿನ ನೊಗ ಇಳಿಯಿತು.

ಊರಿನವರೆಲ್ಲ ಇದನ್ನು "ಇಂಗ್ಲೆಂಡಿನ ಲಿಸ್ಟರ್" ಎಂದೇ ಕರೆಯುತ್ತಿದ್ದರು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ 1930ರ ಹೊತ್ತಿಗೆ ಲಿಸ್ಟರ್ ಕಂಪನಿ ಸಿಎಸ್ ಎಂಬ ಎಂಜಿನ್ ತಯಾರಿಸತೊಡಗಿತು. ಸಿಎಸ್ ಎಂದರೆ ಕೋಲ್ಡ್ ಸ್ಟಾರ್ಟ್. ಅದಕ್ಕೂ ಹಿಂದಿನ ಎಷ್ಟೋ ಎಣ್ಣೆ ಎಂಜಿನ್ನುಗಳಿಗೆ ಬ್ಲೋ ಲ್ಯಾಂಪ್ ಹಿಡಿದು ತಲೆ ಕೆಂಪಾಗುವಷ್ಟು ಕಾಯಿಸಬೇಕಿತ್ತು. ಇದಕ್ಕೆ ಆ ಉಪಚಾರ ಬೇಡ, ಕೈಯಲ್ಲಿ ತಿರುಗಿಸಿದರೆ ಸಾಕು. ನಮ್ಮದನ್ನು ಕೆರೆದು, ನಾಲ್ಕು ಪದರ ಬಣ್ಣ ಎಬ್ಬಿಸಿ ನೋಡಿದಾಗ ಒಳಗಿನ ಎರಕದ ಅಕ್ಷರಗಳು ಕಂಡವು: ರಾಜ್‌ಕೋಟ್! ಗುಜರಾತಿನಲ್ಲಿ ಲಿಸ್ಟರಿನ ಅಚ್ಚಿನಲ್ಲೇ ಮಾಡಿದ ಎಂಜಿನ್ನು. ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದೆ. ಆಮೇಲೆ ಶಿವಮೊಗ್ಗದ ಅಂಗಡಿಗೆ ಹೋಗಿ ನಾಲ್ಕೂವರೆ ಇಂಚಿನ ಪಿಸ್ಟನ್ ರಿಂಗ್ ಕೇಳಿದೆ. ಅಂಗಡಿಯವರು ತಲೆ ಕೂಡ ಎತ್ತದೆ ಕಪಾಟಿನಿಂದ ತೆಗೆದುಕೊಟ್ಟರು. ಡರ್ಸ್ಲಿಯಲ್ಲಿ ಆ ಎಂಜಿನ್ನಿನ ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ನಕಲು ಇರುವುದರಿಂದಲೇ ಅಸಲು ಕೂಡ ಬದುಕಿದೆ ಅಂತ ಅವತ್ತು ತಿಳಿಯಿತು.

ಆದರೆ ರಿಂಗ್ ಹಾಕುವ ಮಾತು ಆಮೇಲಿನದು. ಪಿಸ್ಟನ್ನೇ ಹೊರಗೆ ಬರಲೊಲ್ಲದು. ಮಲೆನಾಡಿನ ಮಳೆ ಗೊತ್ತಲ್ಲ, ಹತ್ತಾರು ಮಳೆಗಾಲ ಕುಡಿದ ಕಬ್ಬಿಣ ಅದು. ಹೊಗೆಕೊಳವೆಯಲ್ಲಿ ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿತ್ತು. ಸಿಲಿಂಡರಿನ ಮುಚ್ಚಳವಾದ ಹೆಡ್ಡು ಬಿಚ್ಚಿದರೆ ಪಿಸ್ಟನ್ನೂ ಸಿಲಿಂಡರೂ ತುಕ್ಕಿನಲ್ಲಿ ಬೆಸೆದುಕೊಂಡಿದ್ದವು. ಮೇಲಿನಿಂದ ಡೀಸೆಲ್ ಸುರಿದು ಬಿಟ್ಟೆವು. "ಕುಡೀಲಿ ಬಿಡಿ" ಅಂದರು ಎಂಜಿನ್ ಕೆಲಸದ ಮೇಸ್ತ್ರಿ. ಎಪ್ಪತ್ತು ದಾಟಿದ ಈ ಮೇಸ್ತ್ರಿಗೆ ಕಣ್ಣು ಮಂದ, ಕಿವಿ ಮಾತ್ರ ಚುರುಕು.

ಮೂರನೇ ದಿನಕ್ಕೆ ನನ್ನ ತಾಳ್ಮೆ ಮುಗಿಯಿತು. ಮೇಸ್ತ್ರಿ ಇಲ್ಲದ ಹೊತ್ತು ನೋಡಿ ಫ್ಲೈವೀಲ್ ಎಂಬ ದೊಡ್ಡ ಭಾರದ ಚಕ್ರದ ಅರೆಕಾಲಿಗೆ, ಅಂದರೆ ಚಕ್ರದ ಕಡ್ಡಿಗೆ, ಹಾರೆ ಕೊಟ್ಟು ಮೀಟಿದೆ. ಟಿಣ್ ಎಂಬ ಸದ್ದು. ಪಿಸ್ಟನ್ ಅಲುಗಲಿಲ್ಲ, ಅರೆಕಾಲಿನಲ್ಲಿ ಕೂದಲೆಳೆಯ ಬಿರುಕು ಬಿತ್ತು. ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ವೆಲ್ಡಿಂಗ್ ಮಾಡಿಸೋಣ ಅಂದೆ. ಮೇಸ್ತ್ರಿ ಬಂದು ಬಿರುಕಿನ ಮೇಲೆ ಉಗುರು ಎಳೆದರು. "ಗೌಡ್ರೇ, ಓಡೋವಾಗ ಈ ಚಕ್ರ ಒಡೆದ್ರೆ ಆಲೆಮನೆ ಗೋಡೆ ನಿಲ್ಲಲ್ಲ. ನೀವೂ ನಿಲ್ಲಲ್ಲ." ಅಷ್ಟೇ. ಬೇರೆ ಬೈಗುಳ ಇಲ್ಲ. ಭದ್ರಾವತಿಯ ಗುಜರಿಯಲ್ಲಿ ಅದೇ ಅಳತೆಯ ಚಕ್ರ ಸಿಗುವವರೆಗೆ ನಾಲ್ಕು ತಿಂಗಳು ಕೆಲಸ ನಿಂತಿತು. ಆ ನಾಲ್ಕು ತಿಂಗಳಲ್ಲಿ ಪಿಸ್ಟನ್ ಮಾತ್ರ ಡೀಸೆಲ್ ಕುಡಿಯುತ್ತಲೇ ಇತ್ತು. ಕೊನೆಗೆ ಮರದ ತುಂಡಿಟ್ಟು ಮೆಲ್ಲಗೆ ಎರಡೇಟು ಹಾಕಿದಾಗ ತಾನಾಗಿ ಜಾರಿತು.

ಉಳಿದ ಕೆಲಸ ಬೇಗ ಮುಗಿಯಿತು: ರಿಂಗು, ಬೇರಿಂಗು, ವಾಲ್ವು ತಿಕ್ಕುವುದು, ಗ್ಯಾಸ್ಕೆಟ್. ಡೀಸೆಲ್ ಚಿಮ್ಮಿಸುವ ನಾಜಲ್ಲಿನ ಪರೀಕ್ಷೆಯ ಬಗ್ಗೆ ಮಾತ್ರ ಒಂದು ಮಾತು. ಮಂಜಿನ ಹಾಗೆ ಡೀಸೆಲ್ ಚಿಮ್ಮುವುದು ನೋಡಲು ಚೆಂದ, ಆದರೆ ಅದರ ಮುಂದೆ ಬೆರಳಿಡಬೇಡಿ. ಆ ಒತ್ತಡಕ್ಕೆ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ಹಾಗೆಯೇ ಪಂಚೆ ಉಟ್ಟು ಎಂಜಿನ್ನಿನ ಹತ್ತಿರ ಹೋಗಬೇಡಿ. ಚಕ್ರವನ್ನು ಬಿಗಿಯುವ ಕೀಲಿಯ, ಅಂದರೆ ಕಬ್ಬಿಣದ ಬೆಣೆಯ, ತಲೆ ಹೊರಗೆ ಚಾಚಿರುತ್ತದೆ, ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ಪಂಚೆಗೆ ಕಾಣುತ್ತದೆ.

ಹೊಸ ಬಣ್ಣ ಬಳಿಯಬೇಕೋ ಬೇಡವೋ ಅಂತ ಮನೆಯಲ್ಲಿ ಜಗಳವಾಯಿತು. ನಾನು ಬಳಿಯಲಿಲ್ಲ. ಬೆಲ್ಲದ ಜೋನಿ ಅಂಟಿ ಕಪ್ಪಾದ ಕಲೆಯೊಂದು ನೀರಿನ ಕೊಳವೆಯ ಹತ್ತಿರ ಇದೆ. ಅದನ್ನು ಮುಚ್ಚಲು ಮನಸ್ಸಾಗಲಿಲ್ಲ.

ಚಾಲೂ ಮಾಡಿದ್ದು ಮಾಘದ ಒಂದು ಬೆಳಿಗ್ಗೆ. ಚಕ್ರ ಹಗುರಾಗಿ ತಿರುಗಲಿ ಅಂತ ಹೊಗೆ ವಾಲ್ವು ಎತ್ತಿ ಹಿಡಿದು ಮೇಸ್ತ್ರಿ ನಿಂತರು, ನಾನು ಹ್ಯಾಂಡಲ್ ಸುತ್ತಿದೆ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಹ್ಯಾಂಡಲ್ ಹಿಂದಕ್ಕೆ ಒದ್ದರೆ ಹೋಗುವುದು ಆ ಹೆಬ್ಬೆರಳೇ. ಚಕ್ರಕ್ಕೆ ವೇಗ ಬಂದಾಗ ಅವರು ವಾಲ್ವು ಬಿಟ್ಟರು. ಒಂದು ಬಿಳಿ ಹೊಗೆಯುಂಗುರ. ಆಮೇಲೆ ಡುಕ್. ಸ್ವಲ್ಪ ಬಿಟ್ಟು ಇನ್ನೊಂದು ಡುಕ್. ಆಮೇಲೆ ನಿಲ್ಲಲೇ ಇಲ್ಲ.

ಈ ಎಂಜಿನ್ನು ನಿಮಿಷಕ್ಕೆ 650 ಸುತ್ತು. ಎರಡು ಸುತ್ತಿಗೆ ಒಂದು ಸಿಡಿತ, ಅಂದರೆ ನಿಮಿಷಕ್ಕೆ 325 ಏಟು. ಈಗಿನ ಪಂಪ್‌ಸೆಟ್ಟಿನದು ಒಂದೇ ಗದ್ದಲ, ಇದರಲ್ಲಿ ಒಂದೊಂದು ಏಟೂ ಬೇರೆ ಬೇರೆ ಕೇಳುತ್ತದೆ. ಹಿಂದೆ ಕಬ್ಬಿನ ಕಂತೆ ಗಾಣಕ್ಕೆ ಕೊಟ್ಟ ಕೂಡಲೇ, ವೇಗ ಕಾಯುವ ಗವರ್ನರ್ ಡೀಸೆಲ್ ಹೆಚ್ಚು ಬಿಡುತ್ತಿತ್ತು, ಸದ್ದು ದಪ್ಪವಾಗುತ್ತಿತ್ತು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಅದರಲ್ಲೇ ಕೆಲಸದ ಲೆಕ್ಕ ಸಿಗುತ್ತಿತ್ತು.

ಈಗ ಒಂದು ತೊಡಕು ಉಳಿದಿದೆ. ಇಪ್ಪತ್ತೋ ಮೂವತ್ತೋ ಏಟಿಗೊಮ್ಮೆ ಒಂದು ಏಟು ತಪ್ಪುತ್ತದೆ. ನಾಜಲ್ಲಿನದು ಅನ್ನುತ್ತಾರೆ ಮೇಸ್ತ್ರಿ. ಗವರ್ನರ್ ಸ್ಪ್ರಿಂಗಿನದು ಅಂತ ನನ್ನ ವಾದ. ಭಾನುವಾರ ಬಿಚ್ಚುತ್ತೇವೆ. ನಮಸ್ಕಾರ.