ಬೆಟ್ಟಕ್ಕೊಂದು ವಯಸ್ಸು, ಕಲ್ಲಿಗೆ ಹಲವು

ಎಲ್ಲರಿಗೂ ನಮಸ್ಕಾರ. ಕೊಡಚಾದ್ರಿ, ಕುದುರೆಮುಖ, ಬಾಬಾಬುಡನ್‌ಗಿರಿ, ಇವೆಲ್ಲ ಹುಟ್ಟಿದಾಗಿಂದ ನಮ್ಮ ಕಣ್ಣೆದುರಿಗೇ ಇರೋ ಬೆಟ್ಟಗಳು. ಇವು 250 ಕೋಟಿ ವರ್ಷದ ಬೆಟ್ಟ, 300 ಕೋಟಿ ವರ್ಷದ ಬೆಟ್ಟ ಅಂತ ಎಲ್ಲಾದ್ರೂ ಬರ್ದಿದ್ರೆ ನಂಗೆ ಸಮಾಧಾನ ಆಗಲ್ಲ, ಯಾಕಂದ್ರೆ ಕಲ್ಲು ಅಷ್ಟು ಹಳೇದು ನಿಜ, ಆದ್ರೆ ಈಗ ನಿಂತಿರೋ ಘಟ್ಟ ಎದ್ದಿದ್ದು ತುಂಬಾ ಈಚೆಗೆ. ಮಲ್ಪೆ ಹತ್ರ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿರೋ ಲಾವಾ ಕಲ್ಲಿದ್ಯಲ್ಲ, ಅದು ಸುಮಾರು 9 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋದ ಕಾಲದ್ದು, ಘಟ್ಟದ ಈ ಕಡಿದಾದ ಅಂಚು ರೂಪ ತಗೊಂಡಿದ್ದು ಆಮೇಲೆ. ಕಲ್ಲೊಳಗಿರೋದು ಬೇರೆ ಬೆಟ್ಟಗಳ ಕತೆ, ಯಾವತ್ತೋ ಎದ್ದು ಸವೆದು ಹೋದವು. ಆ ಕತೆ ಓದೋದು ಹೇಗೆ ಅಂತ ಇವತ್ತು ಹೇಳ್ಬೇಕು ಅಂದ್ಕೊಂಡಿದೀನಿ.

ಕ್ವಾರಿಯಲ್ಲಿ ಬಿಳಿ ಕಪ್ಪು ಪಟ್ಟೆ ಇರೋ ಕಲ್ಲು ನೋಡಿರ್ತೀರಿ, ನೈಸ್ ಅಂತಾರೆ. ಕರ್ನಾಟಕದ ಬಹುಪಾಲು ನೆಲದ ಅಡಿಪಾಯವೇ ಅದು, ಹೆಚ್ಚಿನದು 340ರಿಂದ 300 ಕೋಟಿ ವರ್ಷದ ನಡುವಿಂದು. ಒಂದು ತುಂಡು ಪುಡಿ ಮಾಡಿ, ತೊಳೆದು, ಭಾರದ ಕಾಳುಗಳನ್ನ ಬೇರ್ಪಡಿಸಿದ್ರೆ ಕೊನೆಗೆ ಉಳಿಯೋದ್ರಲ್ಲಿ ಜಿರ್ಕಾನ್ ಅನ್ನೋ ಹರಳು ಇರುತ್ತೆ, ಮರಳಿನ ಕಣಕ್ಕಿಂತ ಸಣ್ಣದು ಎಷ್ಟೋ ಸಲ. ಇದು ಹುಟ್ಟುವಾಗ ಒಳಗೆ ಸ್ವಲ್ಪ ಯುರೇನಿಯಂ ಸೇರಿಸ್ಕೊಳ್ಳುತ್ತೆ, ಸೀಸವನ್ನ ಹತ್ರಾನೂ ಬಿಟ್ಕೊಳ್ಳಲ್ಲ. ಹಾಗಾಗಿ ಇವತ್ತು ಒಳಗೆ ಸೀಸ ಸಿಕ್ತು ಅಂದ್ರೆ ಹೆಚ್ಚುಕಮ್ಮಿ ಎಲ್ಲಾನೂ ಯುರೇನಿಯಂ ಪರಮಾಣು ನಿಧಾನಕ್ಕೆ ಕ್ಷಯಿಸಿ ಆಗಿದ್ದೇ. ಯುರೇನಿಯಂನಲ್ಲಿ ಎರಡು ಬಗೆ, 238 ಅನ್ನೋದು ಅರ್ಧ ಆಗೋಕೆ 447 ಕೋಟಿ ವರ್ಷ ಬೇಕು, 235 ಅನ್ನೋದಕ್ಕೆ ಸುಮಾರು 70 ಕೋಟಿ. ಒಂದೇ ಹರಳಲ್ಲಿ ಎರಡು ಗಡಿಯಾರ, ಎರಡೂ ಒಂದೇ ವಯಸ್ಸು ಹೇಳಿದ್ರೆ ಧೈರ್ಯವಾಗಿ ನಂಬಬಹುದು, ಬೇರೆ ಬೇರೆ ಹೇಳಿದ್ರೆ ಮಧ್ಯದಲ್ಲಿ ಸೀಸ ಸೋರಿಹೋಗಿದೆ ಅಂತ ಗೊತ್ತಾಗುತ್ತೆ.

ಆದ್ರೆ ಇಡೀ ಹರಳನ್ನ ಕರಗಿಸಿ ಒಂದು ವಯಸ್ಸು ತೆಗೆದ್ರೆ ಮೋಸ ಹೋಗ್ತೀವಿ. ಹರಳನ್ನ ಅರ್ಧಕ್ಕೆ ಉಜ್ಜಿ ಎಲೆಕ್ಟ್ರಾನ್ ಬಿಟ್ಟು ನೋಡಿದ್ರೆ ಒಳಗೆ ಸುತ್ತು ಸುತ್ತಾಗಿ ಪದರ ಕಾಣುತ್ತೆ, ನಡುವೆ ಹಳೇ ತಿರುಳು, ಅದರ ಸುತ್ತ ಆಮೇಲೆ ಬೆಳೆದ ತೆಳು ಅಂಚು. ತಿರುಳು ಶಿಲಾರಸ ಗಟ್ಟಿಯಾದಾಗಿನದು, ಅಂಚು ಎಷ್ಟೋ ಕೋಟಿ ವರ್ಷ ಆದ್ಮೇಲೆ ಆ ಕಲ್ಲು ಮತ್ತೆ ನೆಲದಾಳಕ್ಕೆ ಹೋಗಿ ಬೆಂದು ರೂಪ ಬದಲಿಸಿದಾಗಿನದು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಬಿಲ್ ಕಾಂಪ್ಸ್ಟನ್ ತಂಡ ಶ್ರಿಂಪ್ ಅನ್ನೋ ಯಂತ್ರ ಕಟ್ಟಿದ್ದು ಇದಕ್ಕೇನೇ, ಕೂದಲಿಗಿಂತ ಸಣ್ಣ ಚುಕ್ಕೆಗೆ ಅಯಾನ್ ಕಿರಣ, ಅಂದ್ರೆ ವಿದ್ಯುತ್ ತುಂಬಿದ ಕಣಗಳ ಧಾರೆ, ಹೊಡೆದು ತಿರುಳಿಗೊಂದು ಅಂಚಿಗೊಂದು ವಯಸ್ಸು ತೆಗೀತಾರೆ. ದಕ್ಷಿಣ ಕರ್ನಾಟಕದ ಹಳೇ ಕಲ್ಲುಗಳಲ್ಲಿ 250 ಕೋಟಿ ಅನ್ನೋ ಸಂಖ್ಯೆ ಮತ್ತೆ ಮತ್ತೆ ಬರುತ್ತೆ, ಕ್ಲೋಸ್‌ಪೇಟೆ ಗ್ರಾನೈಟ್ (ರಾಮನಗರದ ಹಳೇ ಹೆಸರಿಂದ ಕರೆಯೋ ಕಲ್ಲು) ಶಿಲಾರಸವಾಗಿ ಮೇಲೆದ್ದು ಬಂದ ಕಾಲ ಅದು, ಆ ಬಿಸಿ ಎಷ್ಟು ಹಳೇ ಕಲ್ಲನ್ನ ಮತ್ತೆ ಬೇಯಿಸ್ತೋ ಏನೋ ಅನ್ನಿಸುತ್ತೆ ನಂಗೆ.

ಇನ್ನು ಗಡಿಯಾರ ಶುರುವಾಗೋದು ಯಾವಾಗ ಅನ್ನೋದು ದೊಡ್ಡ ವಿಷ್ಯ. ಆಲೆಮನೆಯಲ್ಲಿ ಪಾಕ ಕುದೀತಿರುವಾಗ ಗುಳ್ಳೆ ಎದ್ದು ಒಡೆದು ಹೋಗ್ತಾನೇ ಇರುತ್ತೆ, ಅಚ್ಚಲ್ಲಿ ಆರಿದ್ಮೇಲೆ ಒಳಗಿದ್ದ ಗುಳ್ಳೆ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ, ಖನಿಜದಲ್ಲೂ ಹಾಗೇ. ಪೊಟ್ಯಾಸಿಯಂನಿಂದ ಹುಟ್ಟೋ ಆರ್ಗಾನ್ ಅನಿಲ ಹಾರ್ನ್‌ಬ್ಲೆಂಡ್ ಅನ್ನೋ ಕಪ್ಪು ಖನಿಜದಲ್ಲಿ ಉಳಿಯೋದು ಸುಮಾರು 500 ಡಿಗ್ರಿಗಿಂತ ತಣ್ಣಗಾದ್ಮೇಲೆ, ಕಪ್ಪು ಕಾಗೆಬಂಗಾರದಲ್ಲಿ ಸುಮಾರು 300 ಡಿಗ್ರಿಗೆ ಇಳಿದ್ಮೇಲೆ. ಜಿರ್ಕಾನ್ 900 ಡಿಗ್ರಿಗೂ ಜಗ್ಗಲ್ಲ. ಹಾಗಾಗಿ ಒಂದೇ ಕಲ್ಲಿನ ಮೂರು ಖನಿಜ ಮೂರು ವಯಸ್ಸು ಹೇಳಿದ್ರೆ ಅದು ತಪ್ಪಲ್ಲ, ಕಲ್ಲು ಮೇಲೆ ಬಂದ ದಾರಿಯೇ ಅದು. ಹಾರ್ನ್‌ಬ್ಲೆಂಡ್‌ಗೂ ಕಾಗೆಬಂಗಾರಕ್ಕೂ 2 ಕೋಟಿ ವರ್ಷ ವ್ಯತ್ಯಾಸ ಬಂತು ಅಂದ್ಕೊಳ್ಳಿ, 200 ಡಿಗ್ರಿ ಇಳಿಯೋಕೆ ಅಷ್ಟು ಹಿಡೀತು, ಅಂದ್ರೆ 10 ಲಕ್ಷ ವರ್ಷಕ್ಕೆ 10 ಡಿಗ್ರಿ. ಮೇಲಿನ ಬೆಟ್ಟ ಸವೆದ ಹಾಗೆ ಕೆಳಗಿನ ಕಲ್ಲು ಮೇಲೆ ಬಂದು ತಣ್ಣಗಾಗುತ್ತೆ, ಹಾಗಾಗಿ ಬೆಟ್ಟ ಎಷ್ಟು ಬೇಗ ಸವೀತು ಅನ್ನೋದರ ಅಂದಾಜು ಅಲ್ಲಿಂದ ಶುರು. ಜೊತೆಗೆ ಗಾರ್ನೆಟ್ ಅನ್ನೋ ಖನಿಜ ಸಿಕ್ರೆ ಇನ್ನೂ ಒಳ್ಳೇದು, ಅದರ ರಾಸಾಯನಿಕ ನೋಡಿ ಕಲ್ಲು ಎಷ್ಟು ಆಳದಲ್ಲಿತ್ತು ಅಂತ ಲೆಕ್ಕ ಹಾಕ್ತಾರೆ, ಲುಟೀಷಿಯಂ ಹಾಫ್ನಿಯಂ ಆಗಿ ಬದಲಾಗೋ ಇನ್ನೊಂದು ಗಡಿಯಾರ ಬಳಸಿ ಗಾರ್ನೆಟ್ ಬೆಳೆದ ಕಾಲಾನೂ ತೆಗೀತಾರೆ.

ನಮ್ಮಲ್ಲೇ ಒಂದು ಚಂದದ ಸಾಕ್ಷಿ ಇದೆ. ತರೀಕೆರೆ ಹತ್ರ ಕಲ್ದುರ್ಗದಲ್ಲಿ ಗುಂಡುಕಲ್ಲುಗಳೇ ಬೆಸೆದು ಆದ ಬಂಡೆ ಇದೆ. ಗುಂಡುಕಲ್ಲು ಅಂದ್ಮೇಲೆ ನೀರು ಉರುಳಿಸಿರಬೇಕು, ಅದಕ್ಕೂ ಮುಂಚೆ ಯಾವುದೋ ಎತ್ತರದ ನೆಲ ಸವೆದಿರಬೇಕು. ಭದ್ರಾವತಿ ಕಾರ್ಖಾನೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿಯ ಕಬ್ಬಿಣದ ಪಟ್ಟೆ ಕಲ್ಲೂ ಇದೇ ಬಾಬಾಬುಡನ್ ಸಾಲಿನದು, ಹಳೇ ನೈಸ್ ಮೇಲೆ ಕೂತಿರೋದು.

ಇದನ್ನ ಕೇಳ್ತಿರೋ ಕಾಲೇಜ್ ಮಕ್ಕಳಿಗೆ ಒಂದು ಮಾತು. ರಸ್ತೆ ಅಗಲ ಮಾಡೋವಾಗ ಒಡೆದ ಹೊಸ ಕಲ್ಲು ಎತ್ಕೊಂಡ್ರೆ ಯಾವ ಊರು, ಯಾವ ತಿರುವು, ಪಟ್ಟೆ ಯಾವ ದಿಕ್ಕಿಗೆ ಓಡ್ತಿತ್ತು ಅಂತ ಆಗ್ಲೇ ಬರ್ದಿಡಿ, ಜಾಗ ಗೊತ್ತಿಲ್ಲದ ಕಲ್ಲಿಂದ ವಯಸ್ಸು ಬಂದ್ರೂ ಅದು ಯಾವ ಘಟನೆಯ ವಯಸ್ಸು ಅಂತ ಲ್ಯಾಬಿನವರು ಹೇಳೋಕೆ ಆಗಲ್ಲ. ನಮಸ್ಕಾರ.