ಸೊಸೆ ಊರಿನವಳಾದಳು, ಕಾರ್ಡು ಮಾತ್ರ ಮದುವೆಗೇ ಕಟ್ಟಿದೆ

ನಮಸ್ಕಾರ, ಚಿಕ್ಕಮಗಳೂರಿಂದ ಮಾತಾಡ್ತಾ ಇದೀನಿ.

ವಿದೇಶದಿಂದ ಬಂದ ಸೊಸೆ ನಾಲ್ಕು ಮಾತು ಕನ್ನಡ ಆಡಿದ್ರೆ ಸಾಕು, ವಿಡಿಯೋ ಊರೆಲ್ಲ ಸುತ್ತುತ್ತೆ. ಸೀರೆ ಉಟ್ಟು ಕಡುಬು ಬೇಯಿಸಿದ್ರಂತೂ ಮುಗೀತು, "ನಮ್ಮವಳೇ ಆಗ್ಬಿಟ್ಲು" ಅಂತ ಕೆಳಗೆ ಸಾಲುಸಾಲು ಕಾಮೆಂಟು. ಆ ಹೆಣ್ಣುಮಗಳು ಈ ದೇಶದಲ್ಲಿ ಯಾವ ಕಾಗದದ ಮೇಲೆ ಇದ್ದಾಳೆ, ಆ ಕಾಗದ ಎಷ್ಟು ಗಟ್ಟಿ ಅಂತ ಮಾತ್ರ ಯಾರೂ ಕೇಳಲ್ಲ.

ನಮ್ಮ ಮನೇಲೇ ಇದೆ ಈ ವಿಷಯ. ದೊಡ್ಡಪ್ಪನ ಮಗ ದುಬೈನಲ್ಲಿದ್ದಾಗ ಫಿಲಿಪೀನ್ಸ್ ದೇಶದ ನರ್ಸ್ ಒಬ್ಬರನ್ನ ಮದುವೆಯಾದ. ಈಗ ಇಬ್ರೂ ಮೂಡಿಗೆರೆ ಕಡೆ ತೋಟ ನೋಡ್ಕೊಂಡಿದಾರೆ. ಕೊಯ್ಲಿನ ಲೆಕ್ಕ, ಶನಿವಾರದ ಬಟವಾಡೆ ಎಲ್ಲ ಅತ್ತಿಗೆಯದ್ದೇ.

ಇಂಥವರು ಇಲ್ಲಿ ಇರೋಕೆ ಮೊದಲು ಸಿಗೋದು ಎಂಟ್ರಿ ವೀಸಾ. ಎಕ್ಸ್ ವೀಸಾ ಅಂತಾರೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಆದ್ರೆ ಬಂದ 14 ದಿನದೊಳಗೆ ನೋಂದಣಿ ಆಗ್ಬೇಕು. ಅದರ ಕಚೇರಿ ಇರೋದು ಬೆಂಗಳೂರಲ್ಲಿ. 2018ರಿಂದ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಅದು ನಿಜಕ್ಕೂ ದೊಡ್ಡ ಉಪಕಾರ. ಮಲೆನಾಡಿನ ಮನೆಗಳಿಗೆ ತೊಡಕಾಗೋದು ವಿಳಾಸದ ದಾಖಲೆ. ಕರೆಂಟ್ ಬಿಲ್ಲು ತೀರಿಹೋದ ಅಜ್ಜನ ಹೆಸರಲ್ಲಿ. ತೋಟ ಪಾಲಾಗಿಲ್ಲ, ಪಹಣಿಯಲ್ಲಿ ಐದಾರು ಹೆಸರು, ಅದರಲ್ಲಿ ಗಂಡನ ಹೆಸರೇ ಇಲ್ಲ. ಬಾಡಿಗೆ ಕರಾರು ಕೊಡಿ ಅಂದ್ರೆ ಯಾರು ಯಾರಿಗೆ ಬಾಡಿಗೆ ಕೊಡೋದು, ಸ್ವಂತ ಮಾವ ಸೊಸೆಗೆ? ಅಣ್ಣ ನೋಟರಿ ಹತ್ರ ಅಫಿಡವಿಟ್ ಮಾಡಿಸಿ, ಎಲ್ಲರ ಕೈಯಲ್ಲೂ ಒಪ್ಪಿಗೆ ಬರೆಸಿ ಕಳಿಸ್ದ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅನ್ನೋವಾಗ ಅದನ್ನ ಅಪ್‌ಲೋಡ್ ಮಾಡೋಕೆ ಪೇಟೆಗೇ ಬರಬೇಕಾಯ್ತು. ಕೂಡುಕುಟುಂಬದ ಮನೆ ಅನ್ನೋದು ಒಂದಿದೆ ಅಂತ ಆ ಅರ್ಜಿ ರೂಪಿಸಿದವರು ನೆನಪಿಟ್ಕೊಂಡಿದ್ರೆ ಎಷ್ಟು ಚೆನ್ನಾಗಿತ್ತು.

ಅದಾದ ಮೇಲೆ ಓಸಿಐ ಕಾರ್ಡು. ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಅಂತ ಹೆಸರು, ಆದ್ರೆ ಇದು ಪೌರತ್ವ ಅಲ್ಲ, ವಿದೇಶಿ ಪಾಸ್‌ಪೋರ್ಟ್ ಇಟ್ಕೊಂಡೇ ಇಲ್ಲಿ ನೆಲೆಸೋಕೆ ಕೊಡೋ ಕಾರ್ಡು. ಪೌರತ್ವ ಕಾಯ್ದೆಯ 7ಎ ಕಲಂ ಪ್ರಕಾರ ಮದುವೆ ನೋಂದಣಿ ಆಗಿರ್ಬೇಕು, ಅರ್ಜಿ ಹಾಕೋ ಹೊತ್ತಿಗೆ ಸತತ ಎರಡು ವರ್ಷ ಮದುವೆ ಬಾಳಿರ್ಬೇಕು, ಭದ್ರತಾ ತಪಾಸಣೆ ಮುಗಿದಿರ್ಬೇಕು. ಹೆಂಡತಿ ವಿದೇಶಿಯಾದ್ರೂ ಗಂಡ ವಿದೇಶಿಯಾದ್ರೂ ಒಂದೇ ನಿಯಮ. ಛತ್ರದಲ್ಲಿ ತಾಳಿ ಕಟ್ಟಿಸಿ, ನೋಂದಣಿ ಆಮೇಲೆ ನೋಡೋಣ ಅನ್ನೋ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಇಂಥ ಮದುವೆಯಲ್ಲಿ ದಯವಿಟ್ಟು ಹಾಗೆ ಮಾಡ್ಬೇಡಿ. ಇಬ್ಬರ ಧರ್ಮ ಬೇರೆಯಾದ್ರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಒಬ್ರಾದ್ರೂ 30 ದಿನ ಈ ಜಿಲ್ಲೆಯಲ್ಲಿ ವಾಸ ಇರ್ಬೇಕು, ನೋಟಿಸ್ ಹಾಕಿದ ಮೇಲೆ ತಕರಾರಿಗೆ ಮತ್ತೆ 30 ದಿನ ಬಿಡ್ತಾರೆ.

ಕಾರ್ಡು ಬಂದ್ರೆ ಬದುಕು ಹಗುರ ಆಗುತ್ತೆ. ಜೀವನಪೂರ್ತಿ ವೀಸಾ, ಪದೇಪದೇ ನೋಂದಣಿ ಇಲ್ಲ, ಖಾಸಗಿ ಕೆಲಸ ಮಾಡಬಹುದು. ಓಟು ಇಲ್ಲ. ಪೇಟೆಯಲ್ಲಿ ಮನೆ ಕೊಳ್ಳಬಹುದು, ಕೃಷಿ ಜಮೀನು, ಪ್ಲಾಂಟೇಷನ್ ಕೊಳ್ಳೋ ಹಾಗಿಲ್ಲ. ಅಂದ್ರೆ ಅತ್ತಿಗೆ ಹಗಲೆಲ್ಲ ದುಡಿಯೋ ಕಾಫಿ ತೋಟದ ಒಂದು ಗುಂಟೆಯನ್ನೂ ತಮ್ಮ ದುಡ್ಡಲ್ಲಿ ತಮ್ಮ ಹೆಸರಿಗೆ ತಗೊಳ್ಳೋಕಾಗಲ್ಲ. ಇದನ್ನೂ ಒಪ್ಪೋಣ, ಭೂಮಿ ಬಗ್ಗೆ ದೇಶಕ್ಕೆ ಎಚ್ಚರ ಇರ್ಬೇಕು.

ನನಗೆ ಒಪ್ಪೋಕಾಗದೆ ಇರೋದು ಅದೇ ಕಾಯ್ದೆಯ 7ಡಿ ಕಲಂ. ಗಂಡ ಹೆಂಡತಿ ವಿಚ್ಛೇದನ ಆದ್ರೆ, ಮದುವೆಯ ಆಧಾರದ ಮೇಲೆ ಕೊಟ್ಟ ಕಾರ್ಡನ್ನ ಸರ್ಕಾರ ರದ್ದು ಮಾಡಬಹುದು. ಹೊಸ ಪಾಸ್‌ಪೋರ್ಟ್ ಮಾಡಿಸಿದಾಗೆಲ್ಲ ಮದುವೆ ಇನ್ನೂ ಉಳಿದಿದೆ ಅಂತ ಬರೆದುಕೊಡ್ಬೇಕು. ರದ್ದು ಮಾಡೋ ಮೊದಲು ಅವರ ಮಾತು ಕೇಳ್ಬೇಕು ಅಂತ 2019ರಲ್ಲಿ ಸೇರಿಸಿದಾರೆ, ಅಷ್ಟರಮಟ್ಟಿಗೆ ಸರಿ.

ಆದ್ರೆ ಯೋಚನೆ ಮಾಡಿ. ಹದಿನೈದು ವರ್ಷ ಇಲ್ಲಿ ಬಾಳಿದ ಹೆಂಗಸು. ಮಕ್ಕಳು ಇಲ್ಲೇ ಹುಟ್ಟಿ ಕಾನೂನು ಪ್ರಕಾರ ಭಾರತದ ಪೌರರು. ಗಂಡ ಕುಡಿದು ಬಂದು ಹೊಡೀತಾನೆ ಅಂತಿಟ್ಕೊಳ್ಳಿ. ಅವಳು ಕೋರ್ಟಿಗೆ ಹೋಗೋ ಮೊದಲು ಲೆಕ್ಕ ಹಾಕೋದು ಏನನ್ನ? ಬಿಡುಗಡೆ ಸಿಕ್ಕ ದಿನವೇ ಕಾರ್ಡು ಅಲ್ಲಾಡುತ್ತೆ, ಮಕ್ಕಳ ಜೊತೆ ಇಲ್ಲಿರೋಕೆ ಮತ್ತೆ ಮೊದಲಿಂದ ವೀಸಾ ಕೇಳ್ಬೇಕು ಅನ್ನೋದನ್ನ. ಅದು ಗಂಡನಿಗೂ ಗೊತ್ತಿರುತ್ತೆ. ಇಂಥ ಆಯುಧವನ್ನ ಯಾವ ಗಂಡನ ಕೈಗೂ ಕಾನೂನು ಕೊಡಬಾರದು.

"ಹಾಗಾದ್ರೆ ಪೌರತ್ವವನ್ನೇ ತಗೊಳ್ಳಲಿ" ಅನ್ನೋರಿದಾರೆ. ದಾರಿ ಇದೆ. ಏಳು ವರ್ಷ ವಾಸ ಇದ್ರೆ ಐದನೇ ಕಲಂ ಪ್ರಕಾರ ಅರ್ಜಿ ಹಾಕಬಹುದು. ನಮ್ಮ ಸಂವಿಧಾನ ಎರಡು ಪೌರತ್ವ ಒಪ್ಪಲ್ಲ, ಹುಟ್ಟಿದ ದೇಶದ ಪಾಸ್‌ಪೋರ್ಟ್ ಬಿಡ್ಬೇಕು. ಅಲ್ಲಿ ವಯಸ್ಸಾದ ಅಮ್ಮ ಇರ್ತಾಳೆ. ಅಲ್ಲಿಗೆ ಮರಳೋ ಹಕ್ಕನ್ನ ಬಿಟ್ಟುಕೊಟ್ರೆ ಮಾತ್ರ ಇಲ್ಲಿ ನೆಲೆ ಗಟ್ಟಿ ಅನ್ನೋದು ಕಠಿಣ ಷರತ್ತು. ಮನಸ್ಸಿಂದ ಬಿಡೋರು ಬಿಡಲಿ, ಗಂಡನ ಹೆದರಿಕೆಗೆ ಬಿಡೋ ಹಾಗಾಗಬಾರದು.

ಸುಳ್ಳು ಮದುವೆ ಮಾಡ್ಕೊಂಡು ಕಾರ್ಡು ಹೊಡೆಯೋರನ್ನ ತಡೀಬೇಕು, ಖಂಡಿತ. ಅದಕ್ಕೇ ಆ ಎರಡು ವರ್ಷ, ಆ ತಪಾಸಣೆ. ಏಳು ವರ್ಷ ಇಲ್ಲಿದ್ದವರು ಪೌರರಾಗೋಕೆ ಅರ್ಜಿ ಹಾಕಬಹುದು ಅಂತ ಕಾಯ್ದೆಯೇ ಒಪ್ಪಿದೆ. ಹಾಗಿದ್ದ ಮೇಲೆ ಅದೇ ಏಳು ವರ್ಷ ಬಾಳಿದವರ ಕಾರ್ಡು ವಿಚ್ಛೇದನದ ಕಾರಣಕ್ಕೆ ರದ್ದಾಗಲ್ಲ ಅಂತ 7ಡಿ ಕಲಮಿಗೆ ಒಂದು ಸಾಲು ಸೇರಿಸಲಿ. ಇದು ಕೇಂದ್ರದ ಕಾಯ್ದೆ, ಬೆಂಗಳೂರಲ್ಲಿ ಕೇಳಿ ಪ್ರಯೋಜನ ಇಲ್ಲ. ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಯಾರೇ ಓಟು ಕೇಳೋಕೆ ಬರಲಿ, ಅತ್ತಿಗೆಗೆ ಓಟಿಲ್ಲ, ಅವರ ಪರವಾಗಿ ನಾನು ಇದನ್ನ ಕೇಳ್ತೀನಿ. ನಿಮ್ಮ ಮನೆಯಲ್ಲೂ ಇಂಥ ಸೊಸೆಯೋ ಅಳಿಯನೋ ಇದ್ರೆ ನೀವೂ ಕೇಳಿ.